ಸದನ ಒಪ್ಪಿತು, ಹಾಸಿಗೆ ಬರಲಿಲ್ಲ: ಕೆನಡಾದ ‘ಜೋರ್ಡನ್ ತತ್ವ’ ನಡೆದ ದಾರಿ

(ಉಪನ್ಯಾಸದ ಬರಹ ರೂಪ. ಸಭಿಕರ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ. 2007ರ ಡಿಸೆಂಬರ್ 12ರಂದು ಕೆನಡಾ ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನಲ್ಲಿ ಒಂದು ನಿರ್ಣಯ ಮತಕ್ಕೆ ಬಂತು. ಆಳುವವರು, ವಿರೋಧಿಸುವವರು ಎಂಬ ಭೇದವಿಲ್ಲದೆ ಎಲ್ಲರೂ ಪರವಾಗಿ ಎದ್ದು ನಿಂತರು, ಒಂದು ಮತವೂ ವಿರುದ್ಧ ಬೀಳಲಿಲ್ಲ. ಫಸ್ಟ್ ನೇಷನ್ಸ್ (ಅಲ್ಲಿನ ಮೂಲನಿವಾಸಿ ಸಮುದಾಯಗಳು) ಮಗುವಿನ ಆರೈಕೆಯ ಖರ್ಚು ಯಾವ ಸರ್ಕಾರದ ಲೆಕ್ಕಕ್ಕೆ ಎಂಬ ತಕರಾರು ಎದ್ದರೆ ಮೊದಲು ಮಗುವಿಗೆ ಬೇಕಾದದ್ದು ಸಿಗಲಿ, ತಕರಾರು ಆಮೇಲೆ ಬಗೆಹರಿಯಲಿ ಎನ್ನುವುದು ಅದರ ಸಾರ. ಇದನ್ನೇ ‘ಜೋರ್ಡನ್ ತತ್ವ’ ಎನ್ನುತ್ತಾರೆ. ಸರ್ಕಾರ ಇದಕ್ಕೆಂದೇ 1.1 ಕೋಟಿ ಡಾಲರನ್ನೂ ಎತ್ತಿಟ್ಟಿತು. 2009ರಿಂದ 2012ರವರೆಗೆ ಆ ಹಣ ಹಾಗೆಯೇ ಕೂತಿತ್ತು. ಒಂದು ಮಗುವಿಗೂ ಅದರಿಂದ ಏನೂ ಸಿಗಲಿಲ್ಲ. ಕೊನೆಗೆ ಬಳಕೆಯೇ ಇಲ್ಲವೆಂದು ನಿಧಿಯನ್ನೇ ಮುಚ್ಚಿದರು.

ಸದನಕ್ಕೆ ಅನುಕಂಪ ಇರಲಿಲ್ಲವೆಂದು ಯಾರೂ ಹೇಳುವ ಹಾಗಿಲ್ಲ, ಹಣ ಇರಲಿಲ್ಲವೆಂದೂ ಹೇಳುವ ಹಾಗಿಲ್ಲ. ಹಾಗಾದರೆ ಸಿಕ್ಕಿಕೊಂಡದ್ದು ಎಲ್ಲಿ? ಮೊದಲು ಚೆಕ್ ಬರೆಯಬೇಕಾದವರು ಯಾರು, ಎಷ್ಟು ಗಂಟೆಯೊಳಗೆ, ‘ಆಗುವುದಿಲ್ಲ’ ಎಂದು ಬರೆಯುವ ಅಧಿಕಾರ ಯಾವ ಮೇಜಿನದು, ಹಾಗೆ ಬರೆದದ್ದು ಎಲ್ಲಿ ದಾಖಲಾಗುತ್ತದೆ? ಸಂಸತ್ತಿನ ಭಾಷಣಗಳಲ್ಲಿ ಬರದ ಈ ನಾಲ್ಕು ಪ್ರಶ್ನೆಗಳೇ ಇವತ್ತಿನ ವಿಷಯ.

ಮೊದಲು ತಕರಾರಿನ ಬೇರು ನೋಡೋಣ. ಕೆನಡಾದ 1867ರ ಸಂವಿಧಾನ ಕಾಯಿದೆಯ 91ನೇ ಕಲಮು ‘ಇಂಡಿಯನ್ನರು ಮತ್ತು ಅವರಿಗೆ ಮೀಸಲಾದ ಭೂಮಿ’ಯನ್ನು ಕೇಂದ್ರಕ್ಕೆ ಕೊಟ್ಟಿದೆ (ಮೂಲನಿವಾಸಿಗಳನ್ನು ಆಗ ಇಂಡಿಯನ್ನರು ಎನ್ನುತ್ತಿದ್ದರು). 92ನೇ ಕಲಮು ಆಸ್ಪತ್ರೆಗಳನ್ನು ಪ್ರಾಂತ್ಯಗಳಿಗೆ ಕೊಟ್ಟಿದೆ. ನಮ್ಮಲ್ಲೂ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆ ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 6ನೇ ನಮೂದಾಗಿ ಇದೆಯಲ್ಲ, ಹೆಚ್ಚುಕಡಿಮೆ ಅದೇ ಹಂಚಿಕೆ. ಹಾಗಿದ್ದರೆ ರಿಸರ್ವ್‌ನಲ್ಲಿ (ಅವರಿಗೆ ಮೀಸಲಾದ ಆ ಭೂಮಿಯಲ್ಲಿ) ಇರುವ ಮೂಲನಿವಾಸಿ ಮಗುವಿಗೆ ಆಸ್ಪತ್ರೆ ಬೇಕಾದಾಗ ಅದು ಯಾರ ಮಗು? ರಿಸರ್ವ್‌ನವರು ಕೇಂದ್ರದ ಹೊಣೆ ಎನ್ನುತ್ತದೆ ಪ್ರಾಂತ್ಯ. ಆರೋಗ್ಯ ಪ್ರಾಂತ್ಯದ ವಿಷಯ, ನಾವು ಕೊಡುವುದು ನಮ್ಮ ನೀತಿಯ ಪ್ರಕಾರವೇ ಹೊರತು ಕಾನೂನು ಬಾಧ್ಯತೆಯಿಂದಲ್ಲ ಎನ್ನುತ್ತದೆ ಕೇಂದ್ರ. 1876ರಲ್ಲಿ ಬ್ರಿಟಿಷ್ ದೊರೆತನಕ್ಕೂ ಬಯಲುಸೀಮೆಯ ಕ್ರೀ ಮೊದಲಾದ ಮೂಲನಿವಾಸಿ ಸಮುದಾಯಗಳಿಗೂ ಆದ 6ನೇ ಒಪ್ಪಂದದಲ್ಲಿ, ಸರ್ಕಾರದ ಏಜೆಂಟನ ಮನೆಯಲ್ಲಿ ಜನರ ಉಪಯೋಗಕ್ಕೆ ಔಷಧದ ಪೆಟ್ಟಿಗೆ ಇಡಬೇಕು ಎಂಬ ಷರತ್ತು ಸೇರಿತ್ತು. ಇವತ್ತಿನ ಲೆಕ್ಕದಲ್ಲಿ ಅದು ಸಂಪೂರ್ಣ ಆರೋಗ್ಯ ಸೇವೆಯ ಮಾತು ಎಂದು ಮೂಲನಿವಾಸಿಗಳು ವಾದಿಸುತ್ತ ಬಂದಿದ್ದಾರೆ. ಸರ್ಕಾರಗಳು ಅದನ್ನು ಅಷ್ಟು ಹಿಗ್ಗಿಸಿ ಓದಲು ತಯಾರಿಲ್ಲ.

ನೆಲದ ಮೇಲೆ ಇದು ಇನ್ನೂ ಗೋಜಲು. ದೂರದ ರಿಸರ್ವ್‌ನಲ್ಲಿರುವ ನರ್ಸಿಂಗ್ ಸ್ಟೇಷನ್ ಕೇಂದ್ರದ್ದು. ವಿಮಾನ ಹತ್ತಿ ತಲುಪಬೇಕಾದ ಪಟ್ಟಣದ ಆಸ್ಪತ್ರೆ ಪ್ರಾಂತ್ಯದ್ದು. ಔಷಧ, ಹಲ್ಲು, ಕನ್ನಡಕ, ಪ್ರಯಾಣದ ಖರ್ಚಿಗೆ ಕೇಂದ್ರದ ಪ್ರತ್ಯೇಕ ಯೋಜನೆ ಇದೆ. ಮನೆಯಲ್ಲಿ ನೋಡಿಕೊಳ್ಳುವವರ ಸಂಬಳಕ್ಕೆ ಒಂದು ಇಲಾಖೆ, ಗಾಲಿಕುರ್ಚಿಗೆ ಇನ್ನೊಂದು. ಆಗ ಕೇಂದ್ರದಲ್ಲೇ ಆರೋಗ್ಯ ಇಲಾಖೆ ಬೇರೆ, ಇಂಡಿಯನ್ ವ್ಯವಹಾರಗಳ ಇಲಾಖೆ ಬೇರೆ. ಕೇಂದ್ರ ಮತ್ತು ಪ್ರಾಂತ್ಯದ ಜಗಳ ಎಂದು ನಾವು ಕೇಳುವ ಎಷ್ಟೋ ಪ್ರಕರಣ ನಿಜದಲ್ಲಿ ಒಂದೇ ಸರ್ಕಾರದ ಎರಡು ಇಲಾಖೆಗಳ ನಡುವಿನ ಕಡತದ ಓಡಾಟ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತತ್ವಕ್ಕೆ ಹೆಸರು ಕೊಟ್ಟ ಜೋರ್ಡನ್ ರಿವರ್ ಆಂಡರ್ಸನ್, ಮ್ಯಾನಿಟೋಬಾದ ನಾರ್ವೆ ಹೌಸ್ ಕ್ರೀ ನೇಷನ್‌ನ ಮಗು. 1999ರಲ್ಲಿ ಹುಟ್ಟಿದ. ಅಪರೂಪದ ಸ್ನಾಯು ಕಾಯಿಲೆ ಇದ್ದುದರಿಂದ ಹುಟ್ಟಿದಂದಿನಿಂದ ವಿನಿಪೆಗ್‌ನ ಆಸ್ಪತ್ರೆಯಲ್ಲೇ ಇದ್ದ. ಎರಡು ವರ್ಷ ತುಂಬುವ ಹೊತ್ತಿಗೆ, ವಿಶೇಷ ಆರೈಕೆಯ ಮನೆಗೆ ಕಳಿಸಬಹುದು ಎಂದು ವೈದ್ಯರು ಹೇಳಿದರು. ಅಲ್ಲಿಂದ ಎರಡು ವರ್ಷಕ್ಕೂ ಮೇಲೆ ಕೇಂದ್ರ ಮತ್ತು ಮ್ಯಾನಿಟೋಬಾ ಸರ್ಕಾರಗಳು ಮನೆಯ ಆರೈಕೆಯ ಒಂದೊಂದು ಬಾಬಿಗೂ ಲೆಕ್ಕ ಹಾಕುತ್ತ ಕೂತವು. ಸ್ನಾನದ ಷವರ್ ಹೆಡ್‌ನಂಥ ಸಣ್ಣ ವಸ್ತುವೂ ಚರ್ಚೆಗೆ ಬಂದಿತ್ತು. ಅಷ್ಟು ದಿನವೂ ಆಸ್ಪತ್ರೆಯ ಹಾಸಿಗೆಯ ಖರ್ಚು ನಡೆಯುತ್ತಲೇ ಇತ್ತು, ಅದಕ್ಕೆ ಯಾರ ತಕರಾರೂ ಇರಲಿಲ್ಲ. 2005ರ ಫೆಬ್ರವರಿ 2ರಂದು, ಐದು ವರ್ಷದ ಹುಡುಗ ಒಂದು ದಿನವೂ ಮನೆಯಲ್ಲಿ ಮಲಗದೆ ಆಸ್ಪತ್ರೆಯಲ್ಲೇ ತೀರಿಕೊಂಡ.

ಸದನಕ್ಕೆ ಬರೋಣ. ನಿರ್ಣಯವನ್ನು ತಂದವರು ನ್ಯೂ ಡೆಮಾಕ್ರಟಿಕ್ ಪಕ್ಷದ ಸಂಸದೆ ಜೀನ್ ಕ್ರೌಡರ್. ಸಂಖ್ಯೆ 296, ಖಾಸಗಿ ಸದಸ್ಯರ ನಿರ್ಣಯ. ಅಲ್ಲಿನ ಪದ್ಧತಿಯಲ್ಲಿ ಇಂಥ ನಿರ್ಣಯಗಳ ಸರದಿ ಚೀಟಿ ಎತ್ತಿ ತೀರ್ಮಾನವಾಗುತ್ತದೆ. ಸರದಿ ಬಂದದ್ದಕ್ಕೆ ಸಿಗುವುದು ಒಟ್ಟು ಎರಡು ಗಂಟೆಯ ಚರ್ಚೆ. ಒಂದು ಗಂಟೆ ಮುಗಿದ ಮೇಲೆ ಪಟ್ಟಿಯ ಕೆಳಕ್ಕೆ ಹೋಗಿ, ಕನಿಷ್ಠ ಹತ್ತು ಕಲಾಪದ ದಿನ ಕಳೆದು ಎರಡನೇ ಗಂಟೆಗೆ ಬರುತ್ತದೆ. ಮಂಡಿಸಿದವರಿಗೆ 15 ನಿಮಿಷ, ಉಳಿದವರಿಗೆ ಹತ್ತತ್ತು ನಿಮಿಷ. ಇಷ್ಟರಲ್ಲಿ ನೋವನ್ನು ಹೇಳಬಹುದು, ವ್ಯವಸ್ಥೆಯ ನಟ್ಟು ಬೋಲ್ಟು ಬಿಚ್ಚಿ ತೋರಿಸಲು ಸಮಯ ಸಾಲದು.

ಎರಡನೆಯ ಮಿತಿ ಇನ್ನೂ ಗಟ್ಟಿ. ಖಜಾನೆಯಿಂದ ಹಣ ತೆಗೆಯುವ ಪ್ರಸ್ತಾವಕ್ಕೆ ದೊರೆಯ ಶಿಫಾರಸು ಬೇಕು ಎನ್ನುತ್ತದೆ ಅದೇ 1867ರ ಕಾಯಿದೆಯ 54ನೇ ಕಲಮು. ಎಂದರೆ ಸಚಿವ ಸಂಪುಟ ಒಪ್ಪಬೇಕು. ಖಾಸಗಿ ಸದಸ್ಯರ ನಿರ್ಣಯಕ್ಕೆ ಆ ಬಲವಿಲ್ಲ. ಅದಕ್ಕೇ ಅದನ್ನು ‘ಸದನದ ಅಭಿಪ್ರಾಯ’ದ ರೂಪದಲ್ಲಿ ಬರೆದಿದ್ದರು. ಅಭಿಪ್ರಾಯಕ್ಕೆ ಮತ ಹಾಕಲು ಯಾವ ಸರ್ಕಾರಕ್ಕೂ ಕಷ್ಟವಿಲ್ಲ. ಅದನ್ನು ಜಾರಿಗೆ ತರುವ ವ್ಯಾಖ್ಯಾನ ಆಮೇಲೆ ಕಾರ್ಯದರ್ಶಿಗಳ ಕೋಣೆಯಲ್ಲಿ ತಯಾರಾಗುತ್ತದೆ, ಅಲ್ಲಿಗೆ ಸಂಸದರಿಗೆ ಪ್ರವೇಶವಿಲ್ಲ.

ಆ ಕೋಣೆಯಲ್ಲಿ ಆದದ್ದು ಇದು. ಮಗುವಿಗೆ ಒಂದಕ್ಕಿಂತ ಹೆಚ್ಚು ಅಂಗವೈಕಲ್ಯ ಇರಬೇಕು, ಒಂದಕ್ಕಿಂತ ಹೆಚ್ಚು ಸೇವಾ ಸಂಸ್ಥೆಗಳ ನೆರವು ಬೇಕಾಗಿರಬೇಕು, ಮಗು ರಿಸರ್ವ್‌ನ ನಿವಾಸಿಯಾಗಿರಬೇಕು ಎಂದರು. ಕೇಳಿದ ಸೇವೆ ಅದೇ ಪ್ರದೇಶದಲ್ಲಿ ರಿಸರ್ವ್‌ನ ಹೊರಗಿನ ಮಗುವಿಗೆ ಮಾಮೂಲಾಗಿ ಸಿಗುವಂಥದ್ದೇ ಆಗಿರಬೇಕು. ಇಷ್ಟರ ಮೇಲೆ ಕೇಂದ್ರ ಮತ್ತು ಪ್ರಾಂತ್ಯದ ನಡುವೆ ವಿವಾದ ಇರಬೇಕು. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಸಮಂಜಸ ಅನ್ನಿಸಬಹುದು. ಒಟ್ಟಿಗೆ ಇಟ್ಟಾಗ ಯಾವ ಮಗುವೂ ದಾಟಲಾಗದ ಜರಡಿ. ಒಂದೇ ಅಂಗವೈಕಲ್ಯ ಇರುವ ಮಗು ಹೊರಗೆ. ಹಲ್ಲು ನೋವಿನ ಮಗು ಹೊರಗೆ. ಜಗಳ ಕೇಂದ್ರದ ಎರಡು ಇಲಾಖೆಗಳ ನಡುವಿನದಾದರೆ ಅದೂ ಹೊರಗೆ.

ಎಲ್ಲಕ್ಕಿಂತ ಜಾಣ ಷರತ್ತು ‘ವಿವಾದ’ದ್ದು. ಪ್ರಾಂತ್ಯ ಕೊಡುವುದಿಲ್ಲ ಎಂದಿತು, ಕೇಂದ್ರವೂ ಕೊಡುವುದಿಲ್ಲ ಎಂದಿತು ಅಂದುಕೊಳ್ಳಿ. ಇಬ್ಬರ ಅಭಿಪ್ರಾಯವೂ ಒಂದೇ ಆದ ಮೇಲೆ ವಿವಾದ ಎಲ್ಲಿದೆ? ಇದು ವ್ಯಂಗ್ಯಕ್ಕೆ ನಾನು ಕಟ್ಟಿದ ತರ್ಕವಲ್ಲ, ನ್ಯಾಯಾಲಯದಲ್ಲಿ ಸರ್ಕಾರಿ ವಕೀಲರು ನಿಜವಾಗಿ ಮುಂದಿಟ್ಟ ವಾದ. ನೋವಾ ಸ್ಕೋಷಾದ ಪಿಕ್ಟೂ ಲ್ಯಾಂಡಿಂಗ್ ಮಿಕ್‌ಮಾಕ್ ಸಮುದಾಯದ ಪ್ರಕರಣ ಅದು. ಹಲವು ಬಗೆಯ ತೀವ್ರ ಅಂಗವೈಕಲ್ಯ ಇದ್ದ ಹದಿಹರೆಯದ ಮಗನನ್ನು ತಾಯಿಯೊಬ್ಬರೇ ನೋಡಿಕೊಳ್ಳುತ್ತಿದ್ದರು. 2010ರ ಮೇ ತಿಂಗಳಲ್ಲಿ ಅವರಿಗೇ ಪಾರ್ಶ್ವವಾಯು ಹೊಡೆಯಿತು. ಸಮುದಾಯದ ಆಡಳಿತ ಮಂಡಳಿಯಾದ ಬ್ಯಾಂಡ್ ಕೌನ್ಸಿಲ್ ತನ್ನ ಕೈಯಿಂದ ತಿಂಗಳಿಗೆ ಸುಮಾರು 8,200 ಡಾಲರ್ ಹಾಕಿ ಮನೆಗೆ ಆರೈಕೆದಾರರನ್ನು ಕಳಿಸಿತು. ಇಡೀ ಸಮುದಾಯದ ಮನೆ ಆರೈಕೆಗಿದ್ದ ತಿಂಗಳ ಹಣದಲ್ಲಿ ಹತ್ತಿರ ಹತ್ತಿರ ಶೇ. 80 ಪಾಲು ಈ ಒಂದೇ ಮನೆಗೆ ಹೋಯಿತು. ಪ್ರಾಂತ್ಯದ ಮಾಮೂಲು ಮಿತಿ ತಿಂಗಳಿಗೆ 2,200 ಡಾಲರ್, ಅದರಾಚೆ ಕೇಳುವಂತಿಲ್ಲ ಎಂದವು ಎರಡೂ ಸರ್ಕಾರಗಳು. ಆದರೆ ರಿಸರ್ವ್‌ನ ಹೊರಗಿನ ವ್ಯಕ್ತಿಯೊಬ್ಬರ ಮೊಕದ್ದಮೆಯಲ್ಲಿ, ವಿಶೇಷ ಸಂದರ್ಭದಲ್ಲಿ ಆ ಮಿತಿ ದಾಟಿ ಕೊಡಬೇಕು ಎಂದು ಅದೇ ಪ್ರಾಂತ್ಯದ ನ್ಯಾಯಾಲಯ ಆಗಲೇ ಹೇಳಿಯಾಗಿತ್ತು. 2013ರ ಏಪ್ರಿಲ್‌ನಲ್ಲಿ ಫೆಡರಲ್ ಕೋರ್ಟಿನ ನ್ಯಾಯಮೂರ್ತಿ ಲೆನರ್ಡ್ ಮ್ಯಾಂಡಮಿನ್, ತತ್ವವನ್ನು ಇಷ್ಟು ಸಂಕುಚಿತವಾಗಿ ಓದಬಾರದು ಎಂದು ಬ್ಯಾಂಡಿನ ಪರ ತೀರ್ಪು ಕೊಟ್ಟರು. ಸರ್ಕಾರ ಮೇಲ್ಮನವಿ ಹಾಕಿ, 2014ರಲ್ಲಿ ಹಿಂದೆಗೆದುಕೊಂಡಿತು.

ಇನ್ನೊಂದು ಪ್ರಕರಣ, ಈ ಮಾತಿನ ತಲೆಬರಹದಲ್ಲಿರುವ ಹಾಸಿಗೆಯದು. ನರಮಂಡಲವನ್ನು ಕ್ರಮೇಣ ತಿನ್ನುವ, ಸಾವಿನಲ್ಲೇ ಮುಗಿಯುವ ಬ್ಯಾಟನ್ ಕಾಯಿಲೆ ಇದ್ದ ಮಗುವೊಂದಕ್ಕೆ ಉಸಿರಾಟದ ತೊಂದರೆ. ತಲೆಯ ಕಡೆ 30 ಡಿಗ್ರಿ ಎತ್ತರಿಸಬಹುದಾದ ಆಸ್ಪತ್ರೆ ಮಾದರಿಯ ಹಾಸಿಗೆ ಮನೆಗೆ ಬೇಕಿತ್ತು. ಸಿಗಲು 16 ತಿಂಗಳು ಹಿಡಿಯಿತು. ಹಾಸಿಗೆಯೇನು ಅಪರೂಪದ ಯಂತ್ರವಲ್ಲ. ದುಡ್ಡು ಯಾವ ಶೀರ್ಷಿಕೆಯಡಿ ಬರೆಯುವುದು ಎಂಬುದಕ್ಕೇ 16 ತಿಂಗಳು.

ಇದು ದಾಖಲೆಗೆ ಬಂದದ್ದು ಮಾನವ ಹಕ್ಕುಗಳ ನ್ಯಾಯಮಂಡಳಿಯ ತೀರ್ಪಿನಲ್ಲಿ. ಸದನ ನಿರ್ಣಯ ಮಾಡಿದ ಅದೇ 2007ರಲ್ಲಿ, ಅದಕ್ಕೂ ಕೆಲವು ತಿಂಗಳು ಮೊದಲು, ಗಿಟ್‌ಕ್ಸಾನ್ ಸಮುದಾಯದ ಸಿಂಡಿ ಬ್ಲ್ಯಾಕ್‌ಸ್ಟಾಕ್ ಅವರ ನೇತೃತ್ವದ ಮಕ್ಕಳ ಸಂಸ್ಥೆ ಮತ್ತು ಅಸೆಂಬ್ಲಿ ಆಫ್ ಫಸ್ಟ್ ನೇಷನ್ಸ್ ಒಟ್ಟಾಗಿ ದೂರು ಕೊಟ್ಟಿದ್ದವು. 2016ರ ಜನವರಿ 26ರಂದು ತೀರ್ಪು ಬಂತು: ಮಕ್ಕಳ ಕಲ್ಯಾಣದ ಅನುದಾನದಲ್ಲೂ ಜೋರ್ಡನ್ ತತ್ವದ ಜಾರಿಯಲ್ಲೂ ಕೆನಡಾ ಸರ್ಕಾರ ತಾರತಮ್ಯ ಮಾಡಿದೆ. ತೀರ್ಪಿನ ಮಹತ್ವದ ಜೊತೆಗೆ ಅದರ ಬಾಲವನ್ನೂ ನೋಡಬೇಕು. ಆ ವರ್ಷ ಜುಲೈನಲ್ಲಿ ಸರ್ಕಾರ ಮೂರು ವರ್ಷಕ್ಕೆ 38.2 ಕೋಟಿ ಡಾಲರ್ ಘೋಷಿಸಿತು. ಜೊತೆಗೆ ತತ್ವವನ್ನು ಮತ್ತೆ ಅಂಗವೈಕಲ್ಯ ಅಥವಾ ತಾತ್ಕಾಲಿಕ ಕಾಯಿಲೆ ಇರುವ ಮಕ್ಕಳಿಗೆ ಕಟ್ಟಿಹಾಕಿತು. ಮಂಡಳಿ ಮತ್ತೆ ಮತ್ತೆ ಆದೇಶ ಹೊರಡಿಸಬೇಕಾಯಿತು.

ಅದೇ 2016ರಲ್ಲಿ ಸದನದಲ್ಲಿ ಏನು ನಡೆಯುತ್ತಿತ್ತು? ಜೇಮ್ಸ್ ಕೊಲ್ಲಿಯ ದಂಡೆಯ ಅಟ್ಟವಾಪಿಸ್ಕಾಟ್ ಎಂಬ ಕ್ರೀ ಊರಿನಲ್ಲಿ ಒಂದೇ ದಿನ 11 ಜನ ಆತ್ಮಹತ್ಯೆಗೆ ಯತ್ನಿಸಿದ ಮೇಲೆ, ಏಪ್ರಿಲ್ 9ರಂದು ಸಮುದಾಯದ ಮುಖ್ಯಸ್ಥರು ತುರ್ತು ಪರಿಸ್ಥಿತಿ ಘೋಷಿಸಿದರು. ಮೂರು ದಿನಕ್ಕೆ, ಏಪ್ರಿಲ್ 12ರಂದು, ಆ ಕ್ಷೇತ್ರದ ಸಂಸದ ಚಾರ್ಲಿ ಆಂಗಸ್ ಅವರ ಕೋರಿಕೆಯಂತೆ ತುರ್ತು ಚರ್ಚೆ ನಡೆಯಿತು. ಸ್ಥಾಯಿ ನಿಯಮ 52ರ ಪ್ರಕಾರ ವಿಷಯ ಎತ್ತುವುದಕ್ಕೆ ಒಂದು ಗಂಟೆ ಮೊದಲಾದರೂ ಸ್ಪೀಕರ್‌ಗೆ ಲಿಖಿತ ಕೋರಿಕೆ ತಲುಪಬೇಕು. ಅವರು ಒಪ್ಪಿದರೆ ದಿನದ ಕಲಾಪ ಮುಗಿದ ಮೇಲೆ ಚರ್ಚೆ ಶುರುವಾಗಿ ಸಾಮಾನ್ಯವಾಗಿ ಮಧ್ಯರಾತ್ರಿಯವರೆಗೆ ನಡೆಯುತ್ತದೆ. ತಾಂತ್ರಿಕವಾಗಿ ಸದನದ ಮುಂದೆ ಇರುವ ಪ್ರಸ್ತಾವ ‘ಸಭೆಯನ್ನು ಈಗ ಮುಂದೂಡಲಿ’ ಎಂಬುದು ಮಾತ್ರ. ಗಡಿಯಾರ ಹನ್ನೆರಡು ಹೊಡೆದರೆ ಸಭೆ ಮುಗಿಯಿತು. ಯಾವ ತೀರ್ಮಾನವೂ ಇಲ್ಲ, ಸಚಿವರ ಮೇಲೆ ಯಾವ ಗಡುವೂ ಇಲ್ಲ. ದೇಶದ ಗಮನ ಒಂದು ರಾತ್ರಿಗೆ ಅತ್ತ ತಿರುಗುತ್ತದೆ, ಅಷ್ಟು ಉಪಯೋಗ ಇದೆ. ಅದಕ್ಕಿಂತ ಹೆಚ್ಚಿನದನ್ನು ಈ ಉಪಕರಣದಿಂದ ನಿರೀಕ್ಷಿಸುವುದು ತಪ್ಪು.

ಆ ಚರ್ಚೆಯಾಗಿ ಮೂರು ತಿಂಗಳಿಗೆ, ಜುಲೈನಲ್ಲಿ, ಉತ್ತರ ಒಂಟಾರಿಯೊದ ವಾಪೆಕೆಕಾ ಎಂಬ ಪುಟ್ಟ ಸಮುದಾಯ ಕೇಂದ್ರಕ್ಕೆ ಒಂದು ಪ್ರಸ್ತಾವ ಕಳಿಸಿತು: ನಮ್ಮ ಮಕ್ಕಳಲ್ಲಿ ಸಾವಿನ ಮಾತು ಹಬ್ಬಿದೆ, ಮಾನಸಿಕ ಆರೋಗ್ಯದ ತಂಡಕ್ಕೆ ಹಣ ಬೇಕು. ತಿಂಗಳುಗಟ್ಟಲೆ ಉತ್ತರ ಬರಲಿಲ್ಲ. 2017ರ ಜನವರಿಯಲ್ಲಿ ಆ ಊರಿನ 12 ವರ್ಷದ ಇಬ್ಬರು ಹುಡುಗಿಯರು ಪ್ರಾಣ ಕಳೆದುಕೊಂಡರು. ಪ್ರಸ್ತಾವ ಬಂದದ್ದು ಬಜೆಟ್ ವರ್ಷದ ನಡುವೆ, ಹಾಗಾಗಿ ಹಣ ಹೊಂದಿಸುವುದು ತೊಡಕಾಗಿತ್ತು ಎಂಬ ಸಮಜಾಯಿಷಿ ಮಂಡಳಿಯ ಮುಂದೆ ಬಂತು. ನಡುವೆ, 2016ರ ನವೆಂಬರ್ 1ರಂದು, ಸದನ ಇನ್ನೊಂದು ಅವಿರೋಧ ನಿರ್ಣಯ ಮಾಡಿತ್ತು. ಮತ್ತೆ ಆಂಗಸ್ ಅವರದೇ. ಮಂಡಳಿಯ ಆದೇಶ ಪಾಲಿಸಿ, ಈ ವರ್ಷದ ಕೊರತೆಯಾದ 15.5 ಕೋಟಿ ಡಾಲರ್ ಕೂಡಲೇ ಕೊಡಿ, 2007ರಲ್ಲಿ ನಾವೇ ಒಪ್ಪಿದ ಪೂರ್ಣ ವ್ಯಾಖ್ಯಾನ ಜಾರಿಗೆ ತನ್ನಿ, ಕುಟುಂಬಗಳ ವಿರುದ್ಧ ಕೋರ್ಟಿನಲ್ಲಿ ಹೊಡೆದಾಡುವುದನ್ನು ನಿಲ್ಲಿಸಿ ಎಂದು. ಮೊದಲಿನದಕ್ಕಿಂತ ಇದು ಎಷ್ಟೋ ಚೆನ್ನಾದ ನಿರ್ಣಯ, ಏಕೆಂದರೆ ಇದರಲ್ಲಿ ಮೊತ್ತ ಇದೆ, ಆಧಾರವಾಗಿ ಹಿಡಿಯಲು ಒಂದು ಆದೇಶ ಇದೆ. ಆದರೂ ಇದು ಅಭಿಪ್ರಾಯವೇ.

ಬದಲಾವಣೆ ತಂದದ್ದು 2017ರ ಮೇ 26ರ ಆದೇಶ, ಮತ್ತು ಅದೇ ನವೆಂಬರ್‌ನಲ್ಲಿ ಆದ ಅದರ ತಿದ್ದುಪಡಿ. ಇದನ್ನು ಓದಿದಾಗ ಬರೆದವರಿಗೆ ಕಚೇರಿಯ ಒಳಮರ್ಮ ಗೊತ್ತಿತ್ತು ಅನ್ನಿಸುತ್ತದೆ. ರಿಸರ್ವ್‌ನ ಒಳಗಿರಲಿ, ಹೊರಗಿರಲಿ, ಎಲ್ಲ ಫಸ್ಟ್ ನೇಷನ್ಸ್ ಮಕ್ಕಳೂ ಅರ್ಹರು. ಅಂಗವೈಕಲ್ಯದ ಷರತ್ತು ಇಲ್ಲ, ವಿವಾದ ಇರಲೇಬೇಕೆಂಬುದೂ ಇಲ್ಲ. ಅರ್ಜಿ ಮೊದಲು ಯಾವ ಇಲಾಖೆಗೆ ಮುಟ್ಟಿತೋ ಆ ಇಲಾಖೆಯೇ ಹಣ ಕೊಡಬೇಕು, ಬೇರೆಯವರಿಂದ ವಸೂಲಿ ಮಾಡುವುದಿದ್ದರೆ ಆಮೇಲೆ ಮಾಡಿಕೊಳ್ಳಲಿ. ಒಬ್ಬ ಮಗುವಿನ ತುರ್ತು ಅರ್ಜಿಗೆ 12 ಗಂಟೆ, ತುರ್ತಲ್ಲದ್ದಕ್ಕೆ 48 ಗಂಟೆ. ಮಕ್ಕಳ ಗುಂಪಿಗೆ ಕೇಳಿದ್ದಾದರೆ ತುರ್ತಿಗೆ 48 ಗಂಟೆ, ಇಲ್ಲದಿದ್ದರೆ ಒಂದು ವಾರ. ‘ಈ ವಿಷಯದಲ್ಲಿ ಇಲಾಖೆಗಳ ಸಮಾಲೋಚನಾ ಸಭೆ ಕರೆಯಲಾಗಿದೆ’ ಎಂದು ಕಡತದ ಮೇಲೆ ಬರೆದು ಕೂರುವಂತಿಲ್ಲ, ಮಗುವಿನ ಅಗತ್ಯ ತಿಳಿಯಲು ವೈದ್ಯರನ್ನೋ ತಜ್ಞರನ್ನೋ ಕೇಳುವುದಿದ್ದರೆ ಮಾತ್ರ ಅವಕಾಶ. ಮಾಮೂಲು ಮಿತಿಗಿಂತ ಹೆಚ್ಚು ಕೇಳಿದ್ದಾರೆ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸುವಂತಿಲ್ಲ. ಇತಿಹಾಸದ ಅನ್ಯಾಯದಿಂದ ಹಿಂದೆ ಬಿದ್ದ ಮಗುವಿಗೆ ಸಮಾನ ಫಲ ಸಿಗಬೇಕಾದರೆ ಕೆಲವೊಮ್ಮೆ ಹೆಚ್ಚೇ ಬೇಕಾಗುತ್ತದೆ ಎಂಬುದು ಅದರ ಆಧಾರ.

ಪರಿಣಾಮ ಅಂಕಿಯಲ್ಲಿ ಕಾಣುತ್ತದೆ. 2016–17ರಲ್ಲಿ ಮಂಜೂರಾದ ಸೇವೆ ಮತ್ತು ವಸ್ತುಗಳ ಸಂಖ್ಯೆ ಸುಮಾರು 4,900. ಮರುವರ್ಷ 76,000 ದಾಟಿತು, ಅದರ ಮರುವರ್ಷ 1,40,000. ಮಕ್ಕಳು ಅವರೇ, ಕಾಯಿಲೆಗಳೂ ಅವೇ.

ಈಗ ಒಂದು ಅರ್ಜಿ ಹೇಗೆ ಸಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಹತ್ತಿರದಿಂದ ನೋಡೋಣ. ತಂದೆ ತಾಯಿ ಅಥವಾ ಪೋಷಕರು ಹಗಲು ರಾತ್ರಿ ತೆರೆದಿರುವ ಸಹಾಯವಾಣಿಗೋ, ಸಮುದಾಯದಲ್ಲೇ ಇರುವ ಸಂಯೋಜಕರಿಗೋ ಹೇಳುತ್ತಾರೆ. ಮಗು ಯಾರು ಎಂಬುದಕ್ಕೆ ಆಧಾರ, ಏನು ಬೇಕು ಎಂಬ ವಿವರ, ಏಕೆ ಬೇಕು ಎಂಬುದಕ್ಕೆ ವೈದ್ಯರ, ಚಿಕಿತ್ಸಕರ, ಶಿಕ್ಷಕರ ಅಥವಾ ಸಮುದಾಯದ ಹಿರಿಯರ ಪತ್ರ, ಬೆಲೆಯ ಕೊಟೇಶನ್: ಇಷ್ಟು. ಕಾಗದದಲ್ಲಿ ಸರಳ. ಮೊದಲ ಗಂಟು ಗಡಿಯಾರದ್ದು. ‘ಸಾಕಷ್ಟು ಮಾಹಿತಿ ಬಂದ ಮೇಲೆ’ 48 ಗಂಟೆ ಎಂದು ಲೆಕ್ಕ ಹಾಕಿದರೆ, ಇನ್ನೊಂದು ಪತ್ರ ಕೇಳಿದ ಕೂಡಲೇ ಗಡಿಯಾರ ನಿಲ್ಲುತ್ತದೆ. ಗಡುವು ಮೀರಿದ ಅರ್ಜಿ ಎಂದು ಅದು ಎಣಿಕೆಗೇ ಬರುವುದಿಲ್ಲ. ವಿಮಾನದಲ್ಲಿ ತಿಂಗಳಿಗೊಮ್ಮೆ ವೈದ್ಯರು ಬರುವ ಊರಿನಲ್ಲಿ ಒಂದು ಹೊಸ ಪತ್ರ ಎಂದರೆ ಒಂದು ತಿಂಗಳು. ಎರಡನೇ ಗಂಟು ಹಣ ಮರುಪಾವತಿಯದು. ಮಂಜೂರಾತಿ ಬಂದು ವಾಕ್ ಚಿಕಿತ್ಸೆ ಶುರುವಾಗುತ್ತದೆ, ಬಿಲ್ಲು ತಿಂಗಳುಗಟ್ಟಲೆ ಬಾಕಿ ಉಳಿಯುತ್ತದೆ, ಚಿಕಿತ್ಸಕರು ಬರುವುದನ್ನು ನಿಲ್ಲಿಸುತ್ತಾರೆ. ದಾಖಲೆಯಲ್ಲಿ ಮಾತ್ರ ‘ಮಂಜೂರಾಗಿದೆ’.

ಮಂಜೂರು ಮಾಡುವುದಕ್ಕಿಂತ ನಿರಾಕರಿಸುವುದೇ ದುಬಾರಿಯಾದ ಉದಾಹರಣೆಯೂ ಇದೆ. ಇದು ಜೋರ್ಡನ್ ತತ್ವದ ಅರ್ಜಿಯಲ್ಲ, ಹಲ್ಲು ಮತ್ತು ಔಷಧದ ಯೋಜನೆಯದು. ಆಲ್ಬರ್ಟಾದ ಒಬ್ಬ ಹುಡುಗಿಗೆ ಹಲ್ಲಿಗೆ ತಂತಿ ಕಟ್ಟಿಸಲು ಸುಮಾರು 6,000 ಡಾಲರ್ ಬೇಕಿತ್ತು. ಕೊಡುವುದಿಲ್ಲ ಎಂದು ವಾದಿಸಲು ಸರ್ಕಾರ ವಕೀಲರಿಗೆ 1,10,000 ಡಾಲರಿಗೂ ಹೆಚ್ಚು ಖರ್ಚು ಮಾಡಿತು. ವಿಳಂಬಕ್ಕೆ ಒಟ್ಟಾರೆ ತೆತ್ತ ಬೆಲೆ ಇದಕ್ಕಿಂತ ಬೇರೆಯೇ ಮಟ್ಟದ್ದು. 2019ರಲ್ಲಿ ಮಂಡಳಿ ತಾರತಮ್ಯಕ್ಕೆ ತುತ್ತಾದ ಪ್ರತಿ ಮಗುವಿಗೆ 40,000 ಡಾಲರ್ ಪರಿಹಾರ ಎಂದಿತು. ಆಮೇಲೆ ಮಾತುಕತೆಯಾಗಿ, ಮಕ್ಕಳ ಕಲ್ಯಾಣ ಮತ್ತು ಜೋರ್ಡನ್ ತತ್ವ ಎರಡನ್ನೂ ಸೇರಿಸಿ, 2,330 ಕೋಟಿ ಡಾಲರಿನ ಪರಿಹಾರಕ್ಕೆ 2023ರ ಅಕ್ಟೋಬರ್‌ನಲ್ಲಿ ಫೆಡರಲ್ ಕೋರ್ಟ್ ಒಪ್ಪಿಗೆ ಕೊಟ್ಟಿತು.

ಇಲ್ಲಿಯವರೆಗೆ ಹೇಳಿದ್ದು ಹಣ ಯಾರದ್ದು ಎಂಬುದರ ಬಗ್ಗೆ. ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. 2008ರಲ್ಲಿ ಬ್ರಯನ್ ಸಿಂಕ್ಲೇರ್ ಎಂಬ ಮೂಲನಿವಾಸಿ ವಿನಿಪೆಗ್‌ನ ತುರ್ತು ಚಿಕಿತ್ಸಾ ವಿಭಾಗದಲ್ಲಿ ಗಾಲಿಕುರ್ಚಿಯಲ್ಲಿ 34 ಗಂಟೆ ಕಾದು, ಯಾರೂ ನೋಡದೆ, ಗುಣಪಡಿಸಬಹುದಾದ ಮೂತ್ರಕೋಶದ ಸೋಂಕಿನಿಂದ ಸತ್ತರು. 2020ರ ಸೆಪ್ಟೆಂಬರ್ 28ರಂದು ಕ್ವಿಬೆಕ್‌ನ ಜೋಲಿಯೆಟ್ ಆಸ್ಪತ್ರೆಯಲ್ಲಿ ಅಟಿಕಮೆಕ್ ಸಮುದಾಯದ ಜಾಯ್ಸ್ ಎಚಾಕ್ವಾನ್, ಏಳು ಮಕ್ಕಳ ತಾಯಿ, ಸಾಯುವ ಸ್ವಲ್ಪ ಮೊದಲು ಸಿಬ್ಬಂದಿಯ ಬೈಗುಳವನ್ನು ಫೋನಿನಲ್ಲಿ ನೇರಪ್ರಸಾರ ಮಾಡಿದರು. ಜನಾಂಗೀಯ ಪೂರ್ವಗ್ರಹ ಈ ಸಾವಿಗೆ ಕಾರಣಗಳಲ್ಲೊಂದು ಎಂದು 2021ರಲ್ಲಿ ತನಿಖೆ ನಡೆಸಿದ ಕರೋನರ್ (ಅಸಹಜ ಸಾವುಗಳ ವಿಚಾರಣಾಧಿಕಾರಿ) ಜೆಹಾನ್ ಕಾಮೆಲ್ ಬರೆದರು. ಅಟಿಕಮೆಕ್ ಜನ ‘ಜಾಯ್ಸ್ ತತ್ವ’ ಎಂಬ ಕರಡು ತಯಾರಿಸಿ ಎರಡೂ ಸರ್ಕಾರಗಳಿಗೆ ಕೊಟ್ಟರು: ತಾರತಮ್ಯವಿಲ್ಲದೆ ಸೇವೆ ಪಡೆಯುವ ಹಕ್ಕು, ದೇಹ ಮನಸ್ಸು ಭಾವನೆ ಆತ್ಮಗಳ ಆರೋಗ್ಯದ ಹಕ್ಕು. ಕೇಂದ್ರ ಬೆಂಬಲಿಸಿತು. ಕ್ವಿಬೆಕ್ ಸರ್ಕಾರ, ವ್ಯವಸ್ಥೆಯೇ ಜನಾಂಗೀಯ ತಾರತಮ್ಯದಿಂದ ಕೂಡಿದೆ ಎಂಬ ಮಾತನ್ನು ಒಪ್ಪಲಾರೆ ಎಂದು ಹಿಂದೆ ಸರಿಯಿತು. ಆಸ್ಪತ್ರೆ ಪ್ರಾಂತ್ಯದ್ದಾದ್ದರಿಂದ ರಾಜಧಾನಿ ಒಟ್ಟಾವಾದಲ್ಲಿ ಎಷ್ಟು ಒಳ್ಳೆಯ ಭಾಷಣವಾದರೂ ಜೋಲಿಯೆಟ್‌ನ ವಾರ್ಡಿಗೆ ಅದರ ಸುತ್ತೋಲೆ ಹೋಗುವುದಿಲ್ಲ.

ಕೇಂದ್ರದ ಕೈಯಲ್ಲೇ ಪೂರ್ತಿಯಾಗಿ ಇರುವುದು ಅಪರಾಧ ಕಾನೂನು. ಮೂಲನಿವಾಸಿ ಹೆಂಗಸರಿಗೆ ಒಪ್ಪಿಗೆಯಿಲ್ಲದೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದ ಪ್ರಕರಣಗಳ ಬಗ್ಗೆ ಸೆನೆಟ್ ಸಮಿತಿ 2021 ಮತ್ತು 2022ರಲ್ಲಿ ವರದಿ ಕೊಟ್ಟ ಮೇಲೆ, ಸೆನೆಟರ್ ಇವಾನ್ ಬೋಯರ್ ದಂಡಸಂಹಿತೆಗೆ ತಿದ್ದುಪಡಿ ತಂದರು. ಸೆನೆಟ್ 2024ರಲ್ಲಿ ಅಂಗೀಕರಿಸಿತು. ಕಾಮನ್ಸ್ ದಾಟುವ ಮೊದಲೇ 2025ರ ಜನವರಿಯಲ್ಲಿ ಸಂಸತ್ತಿನ ಅಧಿವೇಶನವನ್ನು ಕೊನೆಗೊಳಿಸಿದ್ದರಿಂದ ಮಸೂದೆ ಬಿದ್ದುಹೋಯಿತು. ಮತ್ತೆ ಮೊದಲಿನಿಂದ ತರಬೇಕಾಯಿತು.

ಹಾಗಾದರೆ ಸಂಸತ್ತಿನ ಯಾವ ಉಪಕರಣ ಕೆಲಸಕ್ಕೆ ಬರುತ್ತದೆ? ನನ್ನ ಅಭಿಪ್ರಾಯದಲ್ಲಿ ಭಾಷಣಕ್ಕಿಂತ ನೀರಸವಾದವುಗಳು. ಲಿಖಿತ ಪ್ರಶ್ನೆಗೆ 45 ದಿನದಲ್ಲಿ ಉತ್ತರ ಬೇಕೆಂದು ಸಂಸದರು ಕೇಳಬಹುದು, ಬಾರದಿದ್ದರೆ ವಿಷಯ ಸಮಿತಿಗೆ ಹೋಗುತ್ತದೆ. ಸಮಿತಿಯ ವರದಿಗೆ 120 ದಿನದಲ್ಲಿ ಸರ್ಕಾರ ಪ್ರತಿಕ್ರಿಯೆ ಕೊಡುವಂತೆ ಕೇಳಬಹುದು. ಇನ್ನೊಂದು, ಸಂಸತ್ತಿಗೆ ವರದಿ ಕೊಡುವ ಮಹಾಲೆಕ್ಕಪರಿಶೋಧಕರು. ದೂರದ ಫಸ್ಟ್ ನೇಷನ್ಸ್ ಊರುಗಳ ಆರೋಗ್ಯ ಸೇವೆಯ ಬಗ್ಗೆ 2015ರ ಅವರ ವರದಿ ಓದಿ ನೋಡಿ. 45 ನರ್ಸುಗಳ ದಾಖಲೆ ತೆಗೆದು ನೋಡಿದಾಗ, ಇಲಾಖೆಯೇ ಕಡ್ಡಾಯ ಮಾಡಿದ ಐದೂ ತರಬೇತಿಗಳನ್ನು ಮುಗಿಸಿದ್ದವರು ಒಬ್ಬರೇ. ಒಂದು ಊರಿನಲ್ಲಿ ಭೇಟಿಗೆ ಬರುವ ತಜ್ಞರು ಉಳಿಯಬೇಕಾದ ವಸತಿ, ಶೌಚದ ಗುಂಡಿಯ ವ್ಯವಸ್ಥೆ ಸರಿಯಿಲ್ಲದ ಕಾರಣ ಎರಡು ವರ್ಷಕ್ಕೂ ಮೇಲೆ ಬಳಕೆಗೆ ಬರಲಿಲ್ಲ. ತಜ್ಞರು ಭೇಟಿ ರದ್ದು ಮಾಡಿದರು. ತಜ್ಞ ವೈದ್ಯರ ಕೊರತೆ ಎಂದು ನಾವು ಸದನದಲ್ಲಿ ಕೇಳುವುದರ ಒಂದು ಕಾರಣ ಶೌಚದ ಗುಂಡಿ ಎಂದು ಯಾವ ಭಾಷಣಕಾರರೂ ಊಹಿಸಿ ಹೇಳಲಾರರು. ಯಾರಾದರೂ ಹೋಗಿ ನೋಡಬೇಕು.

ಸಭಿಕರ ಪ್ರಶ್ನೆಗಳು

ಗಡುವು ಹಾಕಿದ ಮೇಲೆ ಎಲ್ಲ ಸರಿಹೋಯಿತೇ ಎಂದು ಒಬ್ಬರು ಕೇಳಿದರು.

ಇಲ್ಲ. 2022ರ ನಂತರ ಅರ್ಜಿ ತುರ್ತೋ ಅಲ್ಲವೋ ಎಂಬುದನ್ನು ಕೇಳುವವರೇ ಹೇಳಬಹುದು ಎಂದಾಯಿತು. ಉದ್ದೇಶ ಸರಿಯಾದದ್ದೇ, ಆದರೆ ಅರ್ಜಿಗಳು ಏರಿದಷ್ಟು ಸಿಬ್ಬಂದಿ ಏರಲಿಲ್ಲ. ತುರ್ತಿನ ಸಾಲು ಉದ್ದವಾದಷ್ಟೂ ನಿಜವಾದ ತುರ್ತು ಅದರಲ್ಲಿ ಮುಳುಗುತ್ತದೆ. 2024ರ ಹೊತ್ತಿಗೆ ಬಾಕಿ ಅರ್ಜಿ ಲಕ್ಷ ದಾಟಿತ್ತು. ಆ ನವೆಂಬರ್ 21ರಂದು ಮಂಡಳಿ ಎರಡೂ ಕಡೆಗೆ ಹೇಳಿತು: ಎಲ್ಲವೂ ತುರ್ತಲ್ಲ, ಆದರೆ ಬಾಕಿಯನ್ನು ವಿಂಗಡಿಸಿ ತುರ್ತಿನದನ್ನು ಮೊದಲು ವಿಲೇವಾರಿ ಮಾಡುವುದು ಸರ್ಕಾರದ ಕರ್ತವ್ಯ. 2025ರ ಫೆಬ್ರವರಿಯಲ್ಲಿ ಇಲಾಖೆ ಹೊಸ ಸುತ್ತೋಲೆ ಹೊರಡಿಸಿ, ಮನೆ ದುರಸ್ತಿಯಂಥ ಹಲವು ಬಾಬುಗಳನ್ನು ಬಿಗಿ ಮಾಡಿತು. ರಿಸರ್ವ್‌ನ ಹೊರಗಿನ ಶಾಲೆಗಳಿಗೆ ಸಂಬಂಧಿಸಿದ ನೆರವನ್ನು ಪ್ರಾಂತ್ಯದ ಶಾಲಾ ಮಂಡಳಿಯನ್ನೇ ಕೇಳಿ ಎಂದಿತು. ಶಾಲಾ ಮಂಡಳಿ ಕೇಂದ್ರವನ್ನು ಕೇಳಿ ಎಂದರೆ? 2005ರ ಜಗಳವೇ ಬೇರೆ ಹೆಸರಿನಲ್ಲಿ ಬಂತು. ಈ ತತ್ವ ಇಂದಿಗೂ ಸ್ವತಂತ್ರ ಕಾಯಿದೆಯಾಗಿಲ್ಲ. ಆದ್ದರಿಂದಲೇ ಒಂದು ಸುತ್ತೋಲೆ ಅದನ್ನು ಇಷ್ಟು ಅಲುಗಿಸಬಲ್ಲದು.

ನಮ್ಮಲ್ಲಿ ಇದರಿಂದ ಕಲಿಯುವುದೇನಾದರೂ ಇದೆಯೇ ಎಂದು ಇನ್ನೊಬ್ಬರು ಕೇಳಿದರು.

ಎರಡು ದೇಶಗಳ ಇತಿಹಾಸ ಬೇರೆ, ಸುಮ್ಮನೆ ಹೋಲಿಸುವುದು ಬೇಡ. ಉಪಕರಣಗಳ ಮಟ್ಟದಲ್ಲಿ ಮಾತ್ರ ಹೇಳುತ್ತೇನೆ. ನಮ್ಮ ಸಂಸತ್ತಿನಲ್ಲೂ ಶುಕ್ರವಾರ ಖಾಸಗಿ ಸದಸ್ಯರ ನಿರ್ಣಯಕ್ಕೆ ಸಮಯ ಇದೆ, ಅದರ ಬಲ ಅಷ್ಟಕ್ಕಷ್ಟೇ. ಆದರೆ ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಎಂಬುದಿದೆ. ಸಚಿವರು ಸದನದಲ್ಲಿ ‘ಪರಿಶೀಲಿಸಲಾಗುವುದು’ ಎಂದದ್ದನ್ನು ಬರೆದಿಟ್ಟುಕೊಂಡು, ಮೂರು ತಿಂಗಳಲ್ಲಿ ಈಡೇರಿತೇ ಎಂದು ಬೆನ್ನು ಹತ್ತುವುದು ಅದರ ಕೆಲಸ. ಕೆನಡಾದ ಕಾಮನ್ಸ್‌ನ ಸ್ಥಾಯಿ ಸಮಿತಿಗಳಲ್ಲಿ ಅಂಥದ್ದಿಲ್ಲ. ಹಾಗಾಗಿ ನಮ್ಮಲ್ಲಿ ಪ್ರಶ್ನೆ ಕೇಳುವುದೇ ಸಚಿವರ ಬಾಯಿಂದ ದಿನಾಂಕವೊಂದು ಬೀಳುವಂತಿರಬೇಕು.

ಉದಾಹರಣೆಗೆ 2023ರ ಜುಲೈನಲ್ಲಿ ಶುರುವಾದ ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್, ನಿರ್ಮೂಲನಾ ಅಭಿಯಾನ ತೆಗೆದುಕೊಳ್ಳಿ. 17 ರಾಜ್ಯಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಅದರ ಗುರಿ, ಕರ್ನಾಟಕವೂ ಅದರಲ್ಲಿದೆ. ಚಾಮರಾಜನಗರ, ಮೈಸೂರು, ಕೊಡಗಿನ ಹಾಡಿ ಪೋಡುಗಳ ಸೋಲಿಗರು, ಜೇನುಕುರುಬರು ಇದರ ವ್ಯಾಪ್ತಿಗೆ ಬರುವವರು. ‘ಎಷ್ಟು ಜನರ ತಪಾಸಣೆ ಆಗಿದೆ’ ಎಂದು ಕೇಳಿದರೆ ದೊಡ್ಡದೊಂದು ಸಂಖ್ಯೆ ಬರುತ್ತದೆ, ಎಲ್ಲರಿಗೂ ಸಮಾಧಾನ. ಹಾಗೆ ಕೇಳಬೇಡಿ. ಮೊದಲ ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರಲ್ಲಿ ಎಷ್ಟು ಜನರಿಗೆ ಖಚಿತಪಡಿಸುವ ಎರಡನೇ ಪರೀಕ್ಷೆ ಆಗಿದೆ, ವರದಿ ಕೈಸೇರಲು ಸರಾಸರಿ ಎಷ್ಟು ದಿನ, ಕಾಯಿಲೆ ಖಚಿತವಾದವರಲ್ಲಿ ಎಷ್ಟು ಜನರಿಗೆ ಕಳೆದ ಆರು ತಿಂಗಳೂ ತಪ್ಪದೆ ಹೈಡ್ರಾಕ್ಸಿಯೂರಿಯ ಮಾತ್ರೆ ಸಿಕ್ಕಿದೆ, ಅದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೋ ಜಿಲ್ಲಾಸ್ಪತ್ರೆಗೇ ಹೋಗಬೇಕೋ, ಮಾತ್ರೆ ಖಾಲಿಯಾದ ದಿನಗಳ ದಾಖಲೆ ಎಲ್ಲಿದೆ, ಆ ಖರ್ಚು ಆರೋಗ್ಯ ಇಲಾಖೆಯದೋ ಬುಡಕಟ್ಟು ಇಲಾಖೆಯದೋ, ಉತ್ತರ ಇಲ್ಲದಿದ್ದರೆ ಯಾವ ದಿನಾಂಕದೊಳಗೆ ಕೊಡುತ್ತೀರಿ ಎಂದು ಕೇಳಿ. ಒಂದೇ ಪ್ರಶ್ನೆಯ ಉಪಭಾಗಗಳಾಗಿ, ಜಿಲ್ಲಾವಾರು ಅಂಕಿ ಬೇಕೆಂದು ಬರೆದುಕೊಡಿ. ನಿಮ್ಮ ಸಂಸದರ ಕಚೇರಿಗೆ ಅಧಿವೇಶನ ಶುರುವಾಗುವುದಕ್ಕೆ ಒಂದು ತಿಂಗಳು ಮೊದಲೇ ಮುಟ್ಟಿಸಿ, ನೋಟಿಸಿಗೇ 15 ದಿನ ಬೇಕು.